ಮಾವನ ಕಾರ್ಬೊರೇಟರ್ ಶೆಡ್ಡು

ನಮ್ಮ ಮಾವನ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು, ನೀರಲ್ಲಿ ನೆನೆದ ಅವರೆಕಾಳಿನ ಸಿಪ್ಪೆಯ ಹಾಗೆ. ಇಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರನ್ನು ಪೆಟ್ರೋಲಿನಲ್ಲೇ ತೊಳೆದೂ ತೊಳೆದೂ ಹಾಗಾಗಿತ್ತು. ಸೋಪಿನ ಪುಡಿ ಹಾಕಿ ಎಷ್ಟು ಉಜ್ಜಿಕೊಂಡರೂ ಅವರ ತಟ್ಟೆಯ ಮುದ್ದೆಯ ಜೊತೆ ಆ ವಾಸನೆಯೂ ಇರುತ್ತಿತ್ತು.

ಮಾವ ಅಂದರೆ ನನ್ನ ಗಂಡನ ತಂದೆ. ಅಟ್ಟೂರಿನಲ್ಲಿ ಅವರ ಹೊಲವೆಲ್ಲ ಲೇಔಟ್ ಆದ ಮೇಲೆ, ಉಳಿದ ಮೂಲೆಯಲ್ಲಿ ಒಂದು ತಗಡಿನ ಶೆಡ್ ಹಾಕಿಕೊಂಡಿದ್ದರು. ಹಳೇ ಬೈಕು, ಹುಲ್ಲು ಕತ್ತರಿಸುವ ಮಷೀನು, ಔಷಧಿ ಹೊಡೆಯುವ ಪಂಪು, ಏನೇ ಬಂದರೂ ಕಾರ್ಬೊರೇಟರ್ ಟ್ಯೂನ್ ಮಾಡಿ ಕೊಡುತ್ತಿದ್ದರು. ಇಂಜಿನ್ ಓಡುವಾಗ ಗಿರಾಕಿ ಬಾಯಿ ತೆಗೆದರೆ, "ಸ್ವಲ್ಪ ಸುಮ್ನಿರು ಗುರು, ಇಂಜಿನ್ ಸದ್ದು ಕೇಳುಸ್ತಿಲ್ಲ" ಅನ್ನುತ್ತಿದ್ದರು.

ನನ್ನ ಗಂಡನೂ ಅಲ್ಲೇ ಕೆಲಸ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಸ್ಪೇರ್ ತರಲು ಬೈಕಿನಲ್ಲಿ ಯಶವಂತಪುರಕ್ಕೆ ಹೊರಟವರು ಜಾಲಹಳ್ಳಿ ಹತ್ತಿರ ಲಾರಿಗೆ ಸಿಕ್ಕಿ ತೀರಿಕೊಂಡರು.

ಆ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಯಾರೋ ತಟ್ಟೆ ಇಟ್ಟರೆ ತಿನ್ನುತ್ತಿದ್ದೆ, ಎತ್ತಿಕೊಂಡು ಹೋದರೆ ಸುಮ್ಮನಿರುತ್ತಿದ್ದೆ. ಮಾವನೂ ಅಳಲಿಲ್ಲ. ತಿಥಿಯ ಮಾರನೇ ದಿನ ಬಾಗಿಲಲ್ಲಿ ಬಂದು ನಿಂತರು.

"ಏಳಮ್ಮ, ಶೆಡ್‌ಗೆ ಬಾ."

"ನಾನ್ ಬಂದು ಏನ್ ಮಾಡ್ಲಿ ಮಾವ?"

"ಇಲ್ಲಿ ಕೂತು ಏನ್ ಮಾಡ್ತಿದ್ದೀಯ? ಅಲ್ಲಿ ಬಂದು ಕೂತ್ಕೊ."

ಪೊಲೀಸ್ ಸ್ಟೇಷನ್ನಿನಿಂದ ಬಿಡಿಸಿ ತಂದ ಮಗನ ಬೈಕು ಶೆಡ್ಡಿನ ಗೋಡೆಗೆ ಒರಗಿತ್ತು. ಮುಂಭಾಗ ನಜ್ಜುಗುಜ್ಜಾಗಿತ್ತು. ಕಾರ್ಬೊರೇಟರಿಗೆ ಏನೂ ಆಗಿರಲಿಲ್ಲ. ಮಾವ ಅದನ್ನು ಬಿಚ್ಚಿ, ನನ್ನ ಮಡಿಲಿಗೆ ಹಳೇ ಬಟ್ಟೆ ಹಾಸಿ, ಅದರ ಮೇಲೆ ಇಟ್ಟರು. ತಣ್ಣಗಿತ್ತು. ನನಗೆ ಏನೂ ಅನ್ನಿಸಲಿಲ್ಲ.

ಬಿಚ್ಚುವುದು, ಒಳಗಿನ ಸಣ್ಣ ತೂತುಗಳಿಗೆ ಗಾಳಿ ಹೊಡೆಯುವುದು, ಮತ್ತೆ ಜೋಡಿಸುವುದು. ದಿನವೂ ಅದನ್ನೇ ಮಾಡಿಸಿದರು. ಆಮೇಲೆ ಅದನ್ನು ಇನ್ನೊಂದು ಬೈಕಿಗೆ ಕೂರಿಸಿ, ಇಂಜಿನ್ ಬಿಸಿ ಮಾಡಿ, ಸ್ಕ್ರೂಡ್ರೈವರ್ ನನ್ನ ಕೈಗೆ ಕೊಟ್ಟರು. ಗಾಳಿಯ ಸ್ಕ್ರೂ ನಿಧಾನವಾಗಿ ತಿರುಗಿಸುತ್ತ ಹೋದರೆ ಇಂಜಿನ್ನಿನ ಓಟ ಏರುತ್ತದೆ, ಒಂದು ಹಂತ ದಾಟಿದರೆ ಇಳಿಯುತ್ತದೆ. ಏರಿದ ಕಡೆಯೇ ಕೈ ನಿಲ್ಲಬೇಕು. ನನ್ನದು ಯಾವಾಗಲೂ ಮುಂದೆ ಹೋಗುತ್ತಿತ್ತು.

"ದಾಟ್ತು. ವಾಪಸ್ ಬಾ. ಅವಸರ ಏನೈತೆ ನಮ್ಗೆ?"

ಬಾಗಲಗುಂಟೆಯಲ್ಲಿದ್ದ ಅವರ ತಮ್ಮ ಬಂದು ಕೂಗಾಡಿದರು. "ಮನೆ ಸೊಸೇನ ರೋಡಲ್ಲಿ ಕೂರ್ಸಿದ್ದೀಯಲ್ಲಣ್ಣ, ಜನ ಏನಂತಾರೆ?"

ಮಾವ ತಲೆ ಎತ್ತಲಿಲ್ಲ. "ಜನ ಗಾಡಿ ತಂದ್ರೆ ರಿಪೇರಿ ಮಾಡ್ಕೊಡ್ತಾಳೆ."

ಮಗನ ಮಾತೆತ್ತಿದ್ದು ಒಮ್ಮೆ ಮಾತ್ರ. ನನ್ನ ಕೈ ಮೊದಲ ಸಲ ಸರಿಯಾದ ಕಡೆ ನಿಂತ ದಿನ, "ಇದು ಅವ್ನಿಗೆ ಬರ್ತಿರ್ಲಿಲ್ಲ ಕಣಮ್ಮ. ಅವಸರದ ಹುಡುಗ" ಅಂದರು. ಇಂಜಿನ್ ಆರಿಸದೆ ಸ್ಕ್ರೂ ಮತ್ತೆ ಹಿಂದಕ್ಕೆ ತಿರುಗಿಸಿ, ಸ್ಕ್ರೂಡ್ರೈವರ್ ನನ್ನ ಕೈಗೇ ಕೊಟ್ಟರು.

ಹೊಸ ಬೈಕುಗಳಲ್ಲಿ ಕಾರ್ಬೊರೇಟರೇ ಇಲ್ಲ. ಗಿರಾಕಿಗಳು ಕಡಿಮೆಯಾದರು, ಮಾವನ ಉಸಿರೂ ಕಡಿಮೆಯಾಗುತ್ತ ಬಂತು. ಹೋದ ವರ್ಷ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಸ್ಮಶಾನದಲ್ಲಿ ನಾನು ಹೆಂಗಸರ ಜೊತೆ ಗೇಟಿನ ಹತ್ತಿರ ನಿಂತಿದ್ದೆ. ಮಗನಿಲ್ಲವಲ್ಲ, ಮೊದಲ ಹಿಡಿ ಮಣ್ಣು ಯಾರು ಹಾಕಬೇಕು ಅನ್ನುವ ಮಾತು ಒಳಗೆ ನಡೆದಿತ್ತು. ಮಾವನ ತಮ್ಮ ನನ್ನ ಹತ್ತಿರ ನಡೆದು ಬಂದರು.

"ಬಾರಮ್ಮ. ನೀನೇ ಆಕ್ಬೇಕಂತೆ. ಆಸ್ಪತ್ರೇಲಿ ನನ್ ಕೈ ಇಡ್ಕೊಂಡು ಮಾತ್ ತಗೊಂಡವ್ನೆ ಅಣ್ಣ."

ಹೋದೆ. ಮಣ್ಣು ಹಾಕಿದೆ. ಆಗಲೂ ಅಳು ಬರಲಿಲ್ಲ.

ಮೂರನೇ ದಿನ ಸಮಾಧಿಗೆ ಹಾಲು ತುಪ್ಪ ಬಿಟ್ಟು ಬಂದ ಮೇಲೆ ಶೆಡ್ ತೆಗೆದೆ. ಹೆಬ್ಬಾಳದ ಗಿರಾಕಿಯೊಬ್ಬರು ಬಂದು ಇಣುಕಿದರು. "ಯಜಮಾನ್ರು ಇಲ್ವೇನಮ್ಮ?"

"ಇಲ್ಲ. ನಾನಿದ್ದೀನಿ. ಗಾಡಿ ಸ್ಟ್ಯಾಂಡ್ ಹಾಕಿ" ಅಂದೆ.