ಗೋಡೆಗೂಡಿನಲ್ಲಿ ಬಿಟ್ಟ ಅಕ್ಷರ

ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಹಿಟ್ಟಿನ ಗಿರಣಿಯ ಪಕ್ಕದ ಕೋಣೆಯಲ್ಲಿ ನಾನು ಡಿಟಿಪಿ ಅಂಗಡಿ ಇಟ್ಟಿದ್ದೆ. ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಪ್ಲಾಸ್ಟಿಕ್ ಕುರ್ಚಿ, ಇಷ್ಟೇ ನನ್ನ ಸಾಮ್ರಾಜ್ಯ. ಗಿರಣಿಯ ರಾಗಿ ಹಿಟ್ಟು ಅದು ಹೇಗೋ ಗೋಡೆ ದಾಟಿ ಬಂದು ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಮದುವೆ ಕಾಲದಲ್ಲಿ ಲಗ್ನಪತ್ರಿಕೆ, ಉಳಿದ ಕಾಲದಲ್ಲಿ ಅರ್ಜಿ, ಬಯೋಡೇಟಾ, ತಿಥಿ ಕಾರ್ಡು. ಊರಿನವರ ಒಳ್ಳೆಯದು ಕೆಟ್ಟದ್ದೆಲ್ಲ ನನ್ನ ಬೆರಳ ತುದಿಯಿಂದಲೇ ಹೊರಡುತ್ತದೆ ಎಂಬ ಜಂಬ ನನಗಿತ್ತು. ಸಿಟ್ಟೂ ಇತ್ತು, ಅದು ಮೂಗಿನ ತುದಿಯಲ್ಲಿ.

ನಮ್ಮ ಕಡೆಯ ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರು ಹಾಕುವುದು ಸುಲಭ. ಕಷ್ಟವಿರುವುದು ಕೆಳಗೆ, ಸುಖಾಗಮನ ಬಯಸುವವರ ಪಟ್ಟಿಯಲ್ಲಿ. ಯಾರ ಹೆಸರು ಮೊದಲು, ಯಾರದು ಆಮೇಲೆ, ಯಾರ ಹೆಸರಿನ ಮುಂದೆ ‘ಶ್ರೀಮತಿ ಮತ್ತು ಶ್ರೀ’ ಬಂತು, ಯಾರಿಗೆ ಬರಲಿಲ್ಲ. ಒಂದು ಸಾಲು ಮೇಲೆ ಕೆಳಗಾದರೆ ಮದುವೆ ಮನೆಯಲ್ಲಿ ಒಂದು ಪಂಕ್ತಿಯೇ ಊಟಕ್ಕೆ ಕೂರುವುದಿಲ್ಲ.

ಆ ವರ್ಷ ಗಾವಡಗೆರೆ ಕಡೆಯ ಒಬ್ಬ ತಂದೆ ಮಗಳ ಮದುವೆಯ ಪತ್ರಿಕೆ ಮಾಡಿಸಲು ಬಂದರು. ಗಂಡು ಎಚ್.ಡಿ. ಕೋಟೆ ಕಡೆಯವನು. ಈ ತಂದೆಗೂ ಅವರ ಅಣ್ಣನಿಗೂ ಐದು ವರ್ಷದಿಂದ ಮಾತಿರಲಿಲ್ಲ. ಕಾರಣ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಬ್ಯಾರನ್ನು, ಒಂದು ಸಲ ಯಾರ ಸೊಪ್ಪು ಮೊದಲು ಏರಿಸುವುದು ಎಂದು ಮಾತಿಗೆ ಮಾತು ಬೆಳೆದು, ಕೊನೆಗೆ ಹಟ್ಟಿಯ ಮಧ್ಯೆ ಗೋಡೆ ಎದ್ದಿತ್ತು. ಈಗ ಹೆಣ್ಣಿನ ದೊಡ್ಡಪ್ಪ ಮದುವೆಗೆ ಬರಬೇಕೆಂದರೆ ಪತ್ರಿಕೆಯಲ್ಲಿ ಅವರ ಹೆಸರು ಸರಿಯಾದ ಜಾಗದಲ್ಲಿರಬೇಕು. ಅದಕ್ಕೆಂದು ತಂದೆ ಯಾರ ಕೈಲೋ ಹೇಳಿಕಳಿಸಿ ಅವರನ್ನೂ ಅಂಗಡಿಗೆ ಕರೆಸಿದರು.

“ಬ್ಯಾರನ್ನಲ್ಲಿ ಅವ್ನೇ ಮೊದ್ಲಾದ. ಇಲ್ಲೂ ಅವ್ನೇ ಮೊದ್ಲಾದ್ರೆ ನಾನು ಬರಾಕಿಲ್ಲ ಕಣಮ್ಮ” ಎಂದರು ದೊಡ್ಡಪ್ಪ, ತಮ್ಮನ ಕಡೆ ನೋಡದೆ, ನನ್ನ ಮಾನಿಟರಿಗೆ.

ತಮ್ಮನೂ ಮಾನಿಟರಿಗೇ ಉತ್ತರ ಕೊಟ್ಟರು. “ಅವ್ರೇ ಮೊದ್ಲು ಇರ್ಲಿ ಬುಡಿ. ಆದ್ರೆ ನಮ್ಮ ಬಾವ ಅವ್ರ ಬಾಮೈದಂಗಿಂತ ಮೇಲಿರ್ಬೇಕು.”

ಹೀಗೆ ಅಣ್ಣತಮ್ಮಂದಿರು ಎಂಟು ದಿನ ನನ್ನ ಕಂಪ್ಯೂಟರಿನ ಮೂಲಕ ಮಾತಾಡಿದರು. ಇಪ್ಪತ್ತಮೂರು ಹೆಸರು. ಸಾಲಿಗ್ರಾಮದ ಅತ್ತೆಯ ಗಂಡ ಒಂದು ದಿನ ಹತ್ತನೆಯವರು, ಮರುದಿನ ಆರನೆಯವರು. ನಾನು ಕಟ್ ಮಾಡಿ ಪೇಸ್ಟ್ ಮಾಡಿ, ಒಳಗೊಳಗೇ ನಗುತ್ತಿದ್ದೆ. ಒಂದು ದಿನ ಮದುವೆ ಹುಡುಗಿಯೂ ಅಪ್ಪನ ಜೊತೆ ಬಂದಿದ್ದಳು. ಅವರು ಕಾಫಿಗೆ ಹೋದಾಗ ನನ್ನ ಕುರ್ಚಿಯ ಹತ್ತಿರ ಬಂದು ಮೆಲ್ಲಗೆ, “ಅಕ್ಕ, ನನ್ನೆಸ್ರು ಬೇಕಾದ್ರೆ ತಪ್ಪಾಗ್ಲಿ. ದೊಡ್ಡಪ್ಪಂದು ಮಾತ್ರ ಸರ್ಯಾಗಿ ಹಾಕು. ನನ್ನ ಎತ್ತಾಡ್ಸಿ ಬೆಳ್ಸಿದ್ದೇ ಅವ್ರು” ಎಂದಳು. ಅವತ್ತಿನಿಂದ ನನಗೆ ನಗು ಬರಲಿಲ್ಲ.

ಕೊನೆಗೆ ಒಂದು ಸೋಮವಾರ ಇಪ್ಪತ್ತಮೂರೂ ಹೆಸರು ಜಾಗ ಹಿಡಿದು ಕೂತವು. ದೊಡ್ಡಪ್ಪ ಟೇಬಲ್ಲಿನ ಮೇಲಿದ್ದ ಪ್ರೂಫುಗಳನ್ನೆಲ್ಲ ಗುಡ್ಡೆ ಮಾಡಿ ಹರಿದು ಬುಟ್ಟಿಗೆ ಹಾಕಿದರು. “ಇನ್ನ ಇದ್ರ ಮೇಲೆ ಯಾವನೂ ಪೆನ್ನು ಇಕ್ಬಾರ್ದು. ಒಳಗಿರೋದೇ ಖಾಯಂ” ಎಂದು ಕಂಪ್ಯೂಟರನ್ನು ತಟ್ಟಿದರು. ಬುಧವಾರ ಬೆಳಿಗ್ಗೆ ಇಬ್ಬರೂ ಬಂದು, ಅಚ್ಚು ಹಾಕಲು ಬೇಕಾದ ಬಟರ್ ಪೇಪರಿನ ಪ್ರಿಂಟ್ ತೆಗೆದುಕೊಂಡು ಪ್ರೆಸ್ಸಿಗೆ ಕೊಡುವುದೆಂದು ಮಾತಾಯಿತು.

ಮಂಗಳವಾರ ಬೆಳಿಗ್ಗೆ ಆ ಪ್ರಿಂಟ್ ತೆಗೆಯಲು ಗುಂಡಿ ಒತ್ತಿದೆ. ಪರದೆ ನೀಲಿಯಾಗಿ ಕಂಪ್ಯೂಟರ್ ನಿಂತಿತು. ಮತ್ತೆ ಶುರು ಮಾಡಿ ಪ್ರಿಂಟ್ ಒತ್ತಿದೆ, ಮತ್ತೆ ನೀಲಿ. ತಿಂಗಳಿಂದ ಅದು ಕೆಮ್ಮುತ್ತಲೇ ಇತ್ತು. ಕೆ.ಆರ್. ನಗರದಿಂದ ಸ್ಕೂಟರಿನಲ್ಲಿ ಬರುವ ಮೆಕ್ಯಾನಿಕ್ ಒಬ್ಬರಿದ್ದರು. ಯಾವ ಕಾಯಿಲೆಗೂ ಅವರ ಔಷಧಿ ಒಂದೇ, ಫಾರ್ಮ್ಯಾಟ್. “ಫೈಲಿನ ಆಸೆ ಬುಡಿ ಮೇಡಂ” ಎಂದು ಮೊದಲೇ ಹೇಳಿಬಿಡುತ್ತಿದ್ದರು. ಅವರನ್ನು ಕರೆಯುವ ಮಾತೇ ಇಲ್ಲ ಎಂದುಕೊಂಡೆ. ಅವರು ಮಾಡುವುದನ್ನೆಲ್ಲ ಎರಡು ಸಲ ಪಕ್ಕದಲ್ಲಿ ನಿಂತು ನೋಡಿ, ನಿಂಬೆಕಾಯಿ ಉಪ್ಪಿನಕಾಯಿಯ ಅಳತೆ ಬರೆದಿಟ್ಟ ಪುಸ್ತಕದಲ್ಲೇ ಮುಂದಿನ ಪುಟಕ್ಕೆ ಬರೆದುಕೊಂಡಿದ್ದೆ.

ಮನೆಯಿಂದ ಬುತ್ತಿ ತಂದ ನಮ್ಮ ಅತ್ತೆ ಕೇಳಿದರು, “ಅದೇನವ್ವ ಫಾರ್ಮೇಟು ಅಂದ್ರೆ?”

“ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆದಂಗೆ ಅತ್ತೆ. ಪಾತ್ರೆ ಪಡಗವನ್ನೆಲ್ಲ ಆಚೆ ಕೋಣೆಗೆ ಸಾಗಿಸಿ, ಈ ಕೋಣೆ ಕೆರೆದು ಸುಣ್ಣ ಹೊಡೆದು, ಮತ್ತೆ ತಂದು ಜೋಡಿಸೋದು.”

“ಇವತ್ತು ಮಂಗಳವಾರ ಕಣವ್ವ.”

ನಾನು ಕೇಳಲಿಲ್ಲ. ನಮ್ಮ ಹಾರ್ಡ್ ಡಿಸ್ಕಿನಲ್ಲಿ ಎರಡು ಕೋಣೆ, ಸಿ ಮತ್ತು ಡಿ. ಸಿ ಯಲ್ಲಿದ್ದ ಒಂದೊಂದು ಫೈಲನ್ನೂ ಡಿ ಗೆ ಸಾಗಿಸಿದೆ. ಡೆಸ್ಕ್‌ಟಾಪ್ ಮೇಲೆ ಮರೆತದ್ದೇನಾದರೂ ಇದೆಯೇ ಎಂದು ಎರಡು ಸಲ ನೋಡಿದೆ. ಲಗ್ನಪತ್ರಿಕೆಯನ್ನಂತೂ ಮೂರು ಹೆಸರಿನಲ್ಲಿ ಮೂರು ಕಡೆ ಇಟ್ಟೆ. ಆಮೇಲೆ ಕಂಪ್ಯೂಟರನ್ನು ಎಬ್ಬಿಸುವ ಬೂಟ್ ಫ್ಲಾಪಿ ಹಾಕಿ, ಉಪ್ಪಿನಕಾಯಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಸಿ ಗೆ ಸುಣ್ಣ ಹೊಡೆದೆ. ಎಲ್ಲ ಅಳಿಸಿಹೋಗುತ್ತದೆ, ನಿಜವಾಗಿ ಬೇಕೇ ಎಂದು ಅದು ಕೇಳಿದಾಗ ಹೌದು ಎಂದು ಕೀಲಿ ಒತ್ತಿದ ಧೈರ್ಯ ನೆನೆದರೆ ಈಗಲೂ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು ಅನ್ನಿಸುತ್ತದೆ. ಮಧ್ಯಾಹ್ನ ಒಂದೂವರೆಗೆ ಹೊಸ ವಿಂಡೋಸ್ ಮದುವಣಗಿತ್ತಿಯ ಹಾಗೆ ಕೂತಿತ್ತು. ಸಿಡಿಯಿಂದ ಪುಟ ಕಟ್ಟುವ ಸಾಫ್ಟ್‌ವೇರನ್ನೂ ಹಾಕಿಕೊಂಡೆ. ಡಿ ತೆರೆದೆ. ಒಂದು ಫೈಲೂ ಹೋಗಿರಲಿಲ್ಲ.

ಪತ್ರಿಕೆಯ ಫೈಲನ್ನು ತೆರೆದೆ. ಗಣಪತಿ ಇದ್ದ. ಬಾಳೆಕಂಬವಿತ್ತು. ಕನ್ನಡ ಇರಲಿಲ್ಲ. ಟೋಪಿ ಹಾಕಿದ ಎ, ಬಾಲ ಬಿಟ್ಟ ಸಿ, ನಡುನಡುವೆ ಪೌಂಡಿನ ಗುರುತು. ದೊಡ್ಡಪ್ಪನ ಹೆಸರಿನ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ತಲೆಕೆಳಗಾಗಿ ನಿಂತಿತ್ತು.

ಫೈಲುಗಳನ್ನೆಲ್ಲ ಸಾಗಿಸಿದವಳು, ಅಕ್ಷರಗಳಿಗೆ ರೂಪ ಕೊಡುವ ಫಾಂಟನ್ನು ಸಾಗಿಸಿರಲಿಲ್ಲ. ಅದು ಸಿ ಯೊಳಗೆ, ವಿಂಡೋಸಿನ ಹೊಟ್ಟೆಯಲ್ಲಿ ಇರುತ್ತದೆ. ಆ ಕಾಲದಲ್ಲಿ ಒಂದು ಅಂಗಡಿಯ ಕನ್ನಡ ಇನ್ನೊಂದು ಅಂಗಡಿಯ ಫಾಂಟಿಗೆ ಅರ್ಥವಾಗುತ್ತಿರಲಿಲ್ಲ. ಎದುರು ಸಾಲಿನ ಅಂಗಡಿಯಿಂದ ಒಂದು ಫಾಂಟ್ ತಂದು ಹಾಕಿದೆ. ದೂರದಿಂದ ಕನ್ನಡದ ಹಾಗೆ ಕಂಡಿತು, ಹತ್ತಿರ ಹೋಗಿ ಓದಿದರೆ ಯಾವ ದೇವರಿಗೂ ಅರ್ಥವಾಗದ ಮಂತ್ರ. ನೆನಪಿನಿಂದ ಟೈಪ್ ಮಾಡೋಣವೆಂದರೆ ಇಪ್ಪತ್ತಮೂರು ಹೆಸರೂ ಗೊತ್ತು, ಆದರೆ ಎಂಟು ದಿನದ ಎಂಟು ಕ್ರಮಗಳು ತಲೆಯಲ್ಲಿ ಕಲಸಿಹೋಗಿದ್ದವು. ಅಣ್ಣತಮ್ಮಂದಿರನ್ನೇ ಕೇಳಿದರೆ ಬ್ಯಾರನ್ನಿನಿಂದ ಮತ್ತೆ ಶುರುವಾಗುತ್ತದೆ. ಹುಡುಗಿಯ ಮುಖ ಕಣ್ಣ ಮುಂದೆ ಬಂತು. ನಿಜ ಹೇಳುತ್ತೇನೆ, ಅತ್ತುಬಿಟ್ಟೆ.

ಅಷ್ಟು ಹೊತ್ತೂ ಅಲ್ಲೇ ಕೂತಿದ್ದ ಅತ್ತೆ ಬುತ್ತಿ ಡಬ್ಬಿ ಮುಚ್ಚುತ್ತಾ, “ಪಾತ್ರೆ ಎಲ್ಲಾ ತಗ್ದೆ ಸರಿ. ಗ್ವಾಡೆ ಗೂಡಲ್ಲಿದ್ದುದ್ನ ತಗೀನಿಲ್ವಾ?” ಎಂದರು. ಅಷ್ಟು ಚೆನ್ನಾಗಿ ಯಾವ ಇಂಜಿನಿಯರೂ ನನಗೆ ಹೇಳಿರಲಿಲ್ಲ.

ಆ ಫಾಂಟ್ ಪ್ರಪಂಚದಲ್ಲಿ ಇನ್ನೊಂದೇ ಕಡೆ ಇತ್ತು. ಪಿರಿಯಾಪಟ್ಟಣದಲ್ಲಿ ನನಗೆ ಕೆಲಸ ಕಲಿಸಿದ ಯಜಮಾನರ ಹತ್ತಿರ. ಅವರು ಮೊದಲು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಕಂಪ್ಯೂಟರಿನ ಒತ್ತಕ್ಷರಗಳು ಸೊಟ್ಟಗಿವೆ ಎಂದು ತಿಂಗಳುಗಟ್ಟಲೆ ಕೂತು ಆ ಫಾಂಟನ್ನು ತಾವೇ ತಿದ್ದಿದ್ದರು. ನಾನು ಸ್ವಂತ ಅಂಗಡಿ ಇಡುವಾಗ ಅದನ್ನು ಒಂದು ಫ್ಲಾಪಿಗೆ ಹಾಕಿಕೊಂಡು, ಹೇಳದೆ ಕೇಳದೆ ಬಂದಿದ್ದೆ. ಅವರು ಯಾರ ಹತ್ತಿರವೋ “ಅಕ್ಷರ ಕದ್ದೋದ್ಳು” ಎಂದರಂತೆ. ಆ ಮಾತು ನನ್ನ ಕಿವಿಗೆ ಬಿತ್ತು. ಕದ್ದಿದ್ದೇನೋ ನಿಜವೇ, ಆದರೂ ಸಿಟ್ಟು ಬಂದಿದ್ದು ನನಗೆ. ಮೂರು ವರ್ಷ ಆ ಊರಿಗೆ ಹೋದರೂ ಅವರ ಬೀದಿ ಬಿಟ್ಟು ಓಡಾಡಿದೆ. ಆ ಫ್ಲಾಪಿಯನ್ನು ಅಳಿಸಿ ಯಾರದ್ದೋ ಬಯೋಡೇಟಾ ಹಾಕಿಕೊಟ್ಟಿದ್ದೂ ನಾನೇ. ಇಂಥವಳು ಬ್ಯಾರನ್ನಿಗೆ ಮಾತು ಬಿಟ್ಟವರನ್ನು ನೋಡಿ ನಕ್ಕಿದ್ದೆ!

ಎರಡೂವರೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ, ಅವರ ಬಾಗಿಲಲ್ಲಿ ನಿಂತಾಗ ಎಲ್ಲಾ ಫಾರ್ಮ್ಯಾಟ್ ಆಗಿತ್ತು.

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. “ಏನಮ್ಮಾ, ಅಕ್ಷರ ಮರ್ತೋಯ್ತಾ?”

“ಕಳ್ಕೊಂಡೆ ಸಾರ್.”

“ಫೈಲು?”

“ಫೈಲೆಲ್ಲ ಇದೆ ಸಾರ್.”

ಅವರು ಜೋರಾಗಿ ನಕ್ಕರು. ನಗು ನಿಂತ ಮೇಲೆ ಎದ್ದು ಕುರ್ಚಿ ಎಳೆದು ಕೊಟ್ಟರು. “ಕೇಳಿದ್ರೆ ಅವತ್ತೇ ಕೊಡ್ತಿದ್ದೆ ಕಣಮ್ಮ. ತಗಂಡೋಗಿದ್ದಕ್ಕಲ್ಲ, ಒಂದು ಮಾತು ಹೇಳ್ದಂಗೆ ಹೋದೆಯಲ್ಲ, ಅದಕ್ಕೆ ಬೇಜಾರಾಗಿತ್ತು.” ತಪ್ಪಾಯಿತು ಸಾರ್ ಎಂದೆ. ಮೂರು ವರ್ಷ ಹೊತ್ತುಕೊಂಡು ತಿರುಗಿದ ಭಾರ ಅಷ್ಟರಲ್ಲೇ ಇಳಿಯಿತು. ಅವರು ಟೀ ತರಿಸಿ, ಎರಡು ಫ್ಲಾಪಿಗೆ ಫಾಂಟ್ ಹಾಕಿ ಕೊಟ್ಟರು. “ಒಂದು ಕೆಲ್ಸಕ್ಕೆ, ಒಂದು ಬೀರೂಗೆ. ಈ ಸಲ ಯಾರ ಬಯೋಡೇಟಾನೂ ಹಾಕ್ಬೇಡ.” ಅದು ಅವರಿಗೆ ಹೇಗೆ ಗೊತ್ತಾಯಿತೋ.

ಸಂಜೆ ಅಂಗಡಿಗೆ ಬಂದು ಫಾಂಟ್ ಹಾಕಿ ಫೈಲನ್ನು ತೆರೆದೆ. ತಲೆಕೆಳಗಾದ ಪ್ರಶ್ನಾರ್ಥಕ ಹೋಗಿ ದೊಡ್ಡಪ್ಪ ಬಂದು ನಿಂತರು, ಅವರ ಹಿಂದೆ ಇಪ್ಪತ್ತೆರಡು ಜನ, ತಂತಮ್ಮ ಜಾಗದಲ್ಲಿ. ಪ್ರಿಂಟೂ ಸಲೀಸಾಗಿ ಬರುವ ಹಾಗಾಗಿತ್ತು. ಪತ್ರಿಕೆಯ ತೀರಾ ಕೆಳಗೆ, ಇರುವೆ ಗಾತ್ರದಲ್ಲಿ ‘ಅಕ್ಷರ ಜೋಡಣೆ’ ಎಂದು ನನ್ನ ಅಂಗಡಿಯ ಹೆಸರಿತ್ತು. ಅದರ ಜೊತೆ ಪಿರಿಯಾಪಟ್ಟಣದ ಅಂಗಡಿಯ ಹೆಸರನ್ನೂ ಸೇರಿಸಿದೆ. ಮೊದಲು ನನ್ನದು, ಆಮೇಲೆ ಅವರದು. ಕಟ್ ಮಾಡಿದೆ. ಮೊದಲು ಅವರದು, ಆಮೇಲೆ ನನ್ನದು. ಅಂಗಡಿ ನನ್ನದಲ್ಲವೇ ಎಂದು ಮತ್ತೆ ಬದಲಾಯಿಸಿದೆ. ಈ ಎರಡು ಹೆಸರಿಗೆ ಅರ್ಧ ಗಂಟೆ ಹಿಡಿಯಿತು.

ಬುಧವಾರ ಅಣ್ಣತಮ್ಮ ಬಂದರು. ದೊಡ್ಡಪ್ಪ ಬಟರ್ ಪೇಪರನ್ನು ಬೆಳಕಿಗೆ ಹಿಡಿದು, ಮೇಲಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. ಇಪ್ಪತ್ತಮೂರೂ ಮುಗಿದು ಬೆರಳು ಇರುವೆ ಅಕ್ಷರದ ಮೇಲೆ ಬಂದು ನಿಂತಿತು.

“ಸೋಮವಾರ ಇಲ್ಲಿ ನಿಮ್ದೊಂದೇ ಹೆಸ್ರಿತ್ತಲ್ಲಮ್ಮ? ಇದ್ಯಾರು, ನಿಮಗಿಂತ ಮೊದ್ಲು?”

“ನನಗೆ ಕೆಲಸ ಕಲಿಸಿದವರು. ಮೂರು ವರ್ಷದಿಂದ ಮಾತು ಬಿಟ್ಟಿದ್ದೆ” ಎಂದೆ.

ದೊಡ್ಡಪ್ಪ ನನ್ನನ್ನು ನೋಡಿದರು. ಆಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ, ಮಾನಿಟರನ್ನು ಬಿಟ್ಟು ತಮ್ಮನ ಕಡೆ ತಿರುಗಿ ಹೇಳಿದರು: “ಲೋ, ಪ್ರೆಸ್ಸಿಗೆ ನಡೀಲಾ. ಹೊತ್ತಾಯ್ತು.”