ಬುರ್ಮಾಖಾನಳ ರಕ್ತದ ಮೇಲಿನ ಅಪವಾದ

ನರೀನ್ ಪೇಟೆಯ ಹೆರಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಬುರ್ಮಾಖಾನ್ ನಗುಮುಖದ ಹೆಂಗಸು. ಒಳಗೆ ಮಾತ್ರ ಆರದ ಕೆಂಡ.

ಹಿಂದೆ ಅವಳು ಬೆಟ್ಟದ ಹಳ್ಳಿಯ ಉರ್ಕುಯಾಳ ಸೊಸೆ. ಎರಡೂ ಬಸಿರು ಆರನೇ ತಿಂಗಳಿಗೇ ಕಳಚಿದವು. ಮುಖ ಊದಿ ತಲೆ ಸಿಡಿಯುತ್ತಿದ್ದಾಗ ಅತ್ತೆ ಡಾಕ್ಟರನ್ನು ಕರೆಯಲಿಲ್ಲ. ಬಸುರಿಯರ ಎದೆಯೇರಿ ಕೂರುವ ಅಲ್ಬಾರ್ಸ್ತಿ ಪಿಶಾಚಿ ಹಿಡಿದಿದೆಯೆಂದು ಆರ್ಚಾ ಸೊಪ್ಪಿನ ಹೊಗೆ ಹಾಕಿ, ಕುದುರೆ ಚಾಟಿಯಿಂದ ಗೋಡೆಗೆ ಬಡಿದಳು. ಎರಡನೆಯದೂ ಹೋದ ಮೇಲೆ, ನೆರೆಯ ಹೆಂಗಸರೆಲ್ಲ ಚಹಾಕ್ಕೆ ಕೂತಿದ್ದಾಗ, "ಪಿಶಾಚಿಯಲ್ಲ ಕಣ್ರೇ, ಇವಳ ರಕ್ತವೇ ತೋಳ. ನನ್ನ ಮೊಮ್ಮಕ್ಕಳನ್ನ ಒಳಗೇ ತಿಂದ್ಹಾಕ್ತು," ಎಂದು ತವರಿಗೆ ಅಟ್ಟಿದಳು. ಗಂಡ ಕುದುರೆಗೆ ಜೀನು ಬಿಗಿಯುತ್ತ ತಲೆ ಎತ್ತಲೇ ಇಲ್ಲ.

ಅವಳಿಗಿಂತ ಮೊದಲೇ ಆ ಮಾತು ತವರು ಸೇರಿತ್ತು. ಮತ್ತೆ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ. ಆಡಿದ ಬಾಯೇ ಅದನ್ನು ನಾಲ್ಕು ಜನರ ಮುಂದೆ ನುಂಗಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

ಆಸ್ಪತ್ರೆಯ ಡಾಕ್ಟರಮ್ಮ ಜೂರಾ ಒಮ್ಮೆ ಬಿಡಿಸಿ ಹೇಳಿದ್ದರು: "ರಕ್ತದಲ್ಲಿ ಕಾವಲು ಕಣಗಳಿರ್ತವೆ ಕಣೇ, ಹೊರಗಿನದು ಬಂದ್ರೆ ಕಚ್ಚೋವು. ಮಗು ಅರ್ಧ ಅಪ್ಪಂದು, ಅಂದ್ರೆ ಹೊರಗಿನದೇ. ಆದ್ರೂ ಗರ್ಭದಲ್ಲಿ ಅವು ಕಚ್ಚಲ್ಲ, ಮಗುವಿಗೆ ರಕ್ತ ಹರಿಯೋ ಕಾಲುವೆ ಅಗಲ ಮಾಡಿಕೊಡ್ತವೆ. ಕೆಲವ್ರಲ್ಲಿ ತಾಯಿ ಕಾವಲಿಗೂ ಮಗುವಿನಲ್ಲಿರೋ ಅಪ್ಪನ ಗುರುತಿಗೂ ಹೊಂದಲ್ಲ. ಕಾಲುವೆ ಕಿರಿದಾಗೇ ಉಳಿಯುತ್ತೆ, ಬಿಪಿ ಏರುತ್ತೆ, ಮುಖ ಊದುತ್ತೆ, ಮಗು ಉಳಿಯಲ್ಲ. ತಿನ್ನೋದೂ ಇಲ್ಲ, ಗಿನ್ನೋದೂ ಇಲ್ಲ."

ಈ ವಸಂತದಲ್ಲಿ ಉರ್ಕುಯಾಳ ಮಗಳು ಅನಾರ್ಕುಲ್ ಊದಿದ ಮುಖ ಹೊತ್ತು ಅದೇ ವಾರ್ಡಿಗೆ ಬಂದಳು. ಅವಳು ಉಳಿದಳು; ಮಗು ಉಳಿಯಲಿಲ್ಲ. ಡಾಕ್ಟರಮ್ಮ ಅದೇ ಕಾರಣ ಹೇಳಿ ಹೋದರು. ಉರ್ಕುಯಾಳ ಬೀಗಿತ್ತಿ ಕಿವಿಗೇ ಹಾಕಿಕೊಳ್ಳಲಿಲ್ಲ.

"ಡಾಕ್ಟರು ಏನೋ ಅಂತಾರೆ. ನಿಮ್ಮ ಮಗಳ ರಕ್ತವೇ ಸರಿಯಿಲ್ಲ. ಕರಕೊಂಡು ಹೋಗಿ."

ಬುಟ್ಟಿ ಹಿಡಿದು ಬಂದ ಬುರ್ಮಾಖಾನಳನ್ನು ಕಂಡು ಉರ್ಕುಯಾ ಅವಳ ಕೈ ಹಿಡಿದಳು. "ನೀನೊಂದು ಮಾತು ಹೇಳು ತಾಯಿ. ಅನುಭವಿಸಿದವಳು ನೀನು, ಬೀಗಿತ್ತಿ ನಂಬ್ತಾಳೆ."

ಹುಡುಗಿಯ ಮೇಲೆ ಬುರ್ಮಾಖಾನಳಿಗೆ ಹಗೆಯಿರಲಿಲ್ಲ. ಹಗೆಯೆಲ್ಲ ಈ ಬಾಯಿಯ ಮೇಲೆ.

"ತೋಳದ ಮಾತು ಯಾರು ನಂಬ್ತಾರೆ ಅತ್ತೆ? ನೀವೇ ಹೇಳಿ."

ಉರ್ಕುಯಾ ತಡವರಿಸುತ್ತ ಕಾವಲಿನ, ಕಾಲುವೆಯ ಸಂಗತಿ ಹೇಳಿದಳು. ಬೀಗಿತ್ತಿ ಹುಬ್ಬೇರಿಸಿದಳು. "ಹಂಗಾದ್ರೆ ನಿಮ್ಮ ಮೊದಲ ಸೊಸೆ? ಅವಳ ರಕ್ತ ತೋಳ ಅಂದಿದ್ರಲ್ಲ?"

ಉರ್ಕುಯಾ ದನಿ ತಗ್ಗಿಸಿದಳು.

"ಅವಳದೂ ತಪ್ಪಿರಲಿಲ್ಲ. ನಾನೇ... ಸುಳ್ಳು ಹೇಳಿದ್ದು."

ಬುರ್ಮಾಖಾನ್ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡಳು.

"ಇನ್ನೂ ಜೋರಾಗಿ ಹೇಳಿ ಅತ್ತೆ. ಕಿಟಕಿ ಪಕ್ಕದ ಮಂಚದೋರು ನಿಮ್ಮೂರಿನೋರು. ಅವರಿಗೆ ಕೇಳಿಸ್ಲಿಲ್ಲ."