ಸೋಮವಾರದ ಜಪಸರ

ಮಗನನ್ನು ಮಣ್ಣು ಮಾಡುವಾಗ ನಾನು ನೋಡುತ್ತಿದ್ದದ್ದು ಪಾದ್ರಿಗಳ ನಿಲುವಂಗಿಯ ಅಂಚನ್ನು. ಹಿಂಬದಿಯಲ್ಲಿ ಗೇಣುದ್ದ ಹೊಲಿಗೆ ಬಿಟ್ಟಿತ್ತು. ಶಿರಸಿಯಲ್ಲಿ ಇಪ್ಪತ್ತು ವರ್ಷದಿಂದ ಬಟ್ಟೆ ಹೊಲಿದು ಬದುಕಿದವಳು ನಾನು. ಕಣ್ಣು ತನ್ನ ಪಾಡಿಗೆ ತನ್ನ ಕೆಲಸ ಮಾಡಿತು. ಕಾಲು ಇಂಚು ಮಡಚಿ ಕೈಹೊಲಿಗೆ ಹಾಕಿದರೆ ಸಾಕು ಅಂದುಕೊಂಡೆ. ಅಳು ಬರಲಿಲ್ಲ. ಅಳು ಬರಲಿಲ್ಲವಲ್ಲ ಎಂಬ ನಾಚಿಕೆಯೂ ಬರಲಿಲ್ಲ.

ಹತ್ತೊಂಬತ್ತು ವರ್ಷದವನು. ಗುರುವಾರ ಗೆಳೆಯರ ಜೊತೆ ಯಲ್ಲಾಪುರದ ಕಡೆಯ ಹಳ್ಳಕ್ಕೆ ಈಜಲು ಹೋದವನು ಮುಳುಗಿದ. ಸಿಕ್ಕಿದ್ದು ಶನಿವಾರ ಮಧ್ಯಾಹ್ನ. ಅಲ್ಲಿಯವರೆಗೆ ನಾನೂ ನಮ್ಮ ಯಜಮಾನರೂ ದಂಡೆಯ ಬಂಡೆಯ ಮೇಲೆ ಕೂತಿದ್ದೆವು. ಮೊದಲ ದಿನ ಪ್ರಾರ್ಥಿಸಿದೆ. ಎರಡನೆಯ ದಿನ ನಿಲ್ಲಿಸಿದೆ. ಇನ್ನು ಮುಂದೆ ನನ್ನ ಬಾಯಿಂದ ದೇವರಿಗೆ ಒಂದು ಮಾತೂ ಹೊರಡದು ಅನ್ನಿಸಿತ್ತು, ಹೆದರಿಕೆಯಾದದ್ದು ಅದೊಂದಕ್ಕೇ.

ನೀರಿಗಿಳಿದು ಹುಡುಕಿದವರು ಕಾಡಂಚಿನ ಕೇರಿಯ ಸಿದ್ದಿ ಜನ. ಅವರಲ್ಲೊಬ್ಬ, ನಲವತ್ತರ ಆಸುಪಾಸಿನವನು, ಮೇಲೆ ಬಂದಾಗಲೆಲ್ಲ ನಮ್ಮ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿ ಮತ್ತೆ ಮುಳುಗುತ್ತಿದ್ದ. ಶನಿವಾರ ತಲೆಯಾಡಿಸಲಿಲ್ಲ. ಎತ್ತಿ ತಂದು ನಮ್ಮ ಮುಂದೆ ಮಲಗಿಸಿ, ದಂಡೆಯಲ್ಲಿ ಬಿಚ್ಚಿಟ್ಟಿದ್ದ ತನ್ನ ಅಂಗಿಯನ್ನು ಅವನ ಮೇಲೆ ಹೊದಿಸಿದ. ಆಮೇಲೆ ಹಣೆ ಮುಟ್ಟಿ, ಎದೆ ಮುಟ್ಟಿ ಶಿಲುಬೆಯ ಗುರುತು ಮಾಡಿಕೊಂಡ. ಇವನೂ ನಮ್ಮ ಹಾಗೆ ಇಗರ್ಜಿಗೆ ಹೋಗುವವನು ಎಂದು ಆಗಲೇ ಗೊತ್ತಾದದ್ದು. ಗೊತ್ತಿದ್ದರೂ ಏನು, ಹಬ್ಬದ ಪೂಜೆಯಲ್ಲಿ ಅಂಥವರು ಹಿಂದಿನ ಸಾಲಿನಲ್ಲಿ, ನಾವು ಮುಂದಿನ ಸಾಲಿನಲ್ಲಿ. ನಾನು ಹಿಂದಿರುಗಿ ನೋಡಿದವಳಲ್ಲ.

ಭಾನುವಾರ ಮಣ್ಣಾಯಿತು. ಸೋಮವಾರದಿಂದ ಏಳು ಸಂಜೆ ಮನೆಯಲ್ಲಿ ಜಪಸರ. ಒಬ್ಬರು ಅರ್ಧ ಪ್ರಾರ್ಥನೆ ಹೇಳುತ್ತಾರೆ, ಉಳಿದವರು ಇನ್ನರ್ಧ ಹೇಳಿ ಮುಗಿಸುತ್ತಾರೆ. ಹೀಗೆ ಹತ್ತು ಸಲವಾದರೆ ಒಂದು ಸುತ್ತು. ಒಟ್ಟು ಐದು ಸುತ್ತು. ಪ್ರತಿ ಸುತ್ತಿಗೂ ಮೊದಲು ಯೇಸುವಿನ ಬದುಕಿನ ಒಂದು ಘಟನೆಯನ್ನು ಓದಿ ನೆನೆಯಬೇಕು, ಅದನ್ನು ರಹಸ್ಯ ಎನ್ನುತ್ತೇವೆ. ಅದಕ್ಕೂ ವಾರ ಗೊತ್ತುಮಾಡಿದ್ದಾರೆ: ಮಂಗಳವಾರ, ಶುಕ್ರವಾರ ದುಃಖದವು, ಸೋಮವಾರ ಸಂತೋಷದವು. ಸಾವಿನ ಮನೆಯಲ್ಲಿ ಹೆಚ್ಚಿನವರು ವಾರ ನೋಡುವುದಿಲ್ಲ, ದುಃಖದವನ್ನೇ ಓದಿಬಿಡುತ್ತಾರೆ.

ಆದರೆ ನಮ್ಮ ಕೇರಿಯ ಪ್ರಾರ್ಥನೆ ನಡೆಸುವುದು ಎಲ್ಲರೂ ಮಾವಶಿ ಎಂದು ಕರೆಯುವ ಎಂಬತ್ತರ ಮುದುಕಿ. ದೇವರೇ ಬಂದು ಇವತ್ತು ಮಂಗಳವಾರ ಎಂದರೂ ಕ್ಯಾಲೆಂಡರ್ ನೋಡದೆ ನಂಬುವವರಲ್ಲ.

"ಇವತ್ತು ಸೋಮವಾರ. ಸಂತೋಷದ ರಹಸ್ಯಗಳು" ಎಂದರು ಮಾವಶಿ.

ಯಾರೋ ಕೆಮ್ಮಿದರು. ನಮ್ಮ ಯಜಮಾನರು ಗೋಡೆಯ ಕಡೆ ತಿರುಗಿದರು. ನನಗೇನೂ ಅನ್ನಿಸಲಿಲ್ಲ. ಆ ಸಿದ್ದಿಯವನು ತನ್ನ ಕೇರಿಯ ನಾಲ್ವರೊಡನೆ ಟೆಂಪೊ ಮಾಡಿಕೊಂಡು ಬಂದಿದ್ದ. ಚಾಪೆಯ ಮೇಲೆ ಜಾಗವಿದ್ದರೂ ಬಾಗಿಲ ಬಳಿಯೇ ಕೂತಿದ್ದ. ಅವನ ಅಂಗಿಯನ್ನು ಒಗೆದು, ಬಿದ್ದುಹೋಗಿದ್ದ ಗುಂಡಿ ಹೊಲಿದು ಇಟ್ಟಿದ್ದೆ. ಅದನ್ನು ಕೊಡಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ನಾಲ್ಕು ಸುತ್ತು ಮುಗಿಯಿತು. ನನ್ನ ತುಟಿ ಅಲುಗಲಿಲ್ಲ. ಐದನೆಯದನ್ನು ಮನೆಯವರೇ ಓದುವುದು ನಮ್ಮ ಕೇರಿಯ ಪದ್ಧತಿ. ಮಾವಶಿ ಪುಸ್ತಕ ಚಾಚಿದರು, ಪುಟ ನೋಡಿದರು, ಅವರ ಕೈ ಅಲ್ಲೇ ನಿಂತಿತು. ಸೋಮವಾರದ ಐದನೆಯದು, ಹಬ್ಬದ ಜನಜಂಗುಳಿಯಲ್ಲಿ ಕಳೆದುಹೋದ ಬಾಲಯೇಸುವನ್ನು ತಂದೆತಾಯಿ ಹುಡುಕಿ ಮೂರನೆಯ ದಿನ ದೇವಾಲಯದಲ್ಲಿ ಕಂಡದ್ದು.

"ಬೇಡ ಮಗಾ, ತಪ್ಪಾಯ್ತು. ಬೇರೆ ಓದುವಾ" ಎಂದು ಮಾವಶಿ ಪುಸ್ತಕ ಎಳೆದುಕೊಂಡರು. ನಾನು ಬಿಡಲಿಲ್ಲ. ಐದು ದಿನದಲ್ಲಿ ಮೊದಲ ಸಲ ಮೈಯೊಳಗೆ ಏನೋ ಕದಲಿತು: ಸಿಟ್ಟು. ಯೇಸುವಿನ ತಾಯಿಗೆ ಸಿಕ್ಕ ಮಗ ಪಂಡಿತರ ನಡುವೆ ಕೂತು ಮಾತಾಡುತ್ತಿದ್ದ. ನನ್ನ ಮಗನೂ ಮೂರನೆಯ ದಿನವೇ ಸಿಕ್ಕಿದ. ಹಟಕ್ಕೆ ಬಿದ್ದವಳಂತೆ ಜೋರಾಗಿ ಓದತೊಡಗಿದೆ. "ಮೂರನೆಯ ದಿನ" ಎನ್ನುವಲ್ಲಿ ದನಿ ನಿಂತುಹೋಯಿತು.

ಬಾಗಿಲ ಬಳಿಯಿಂದ ಅವನು ಎದ್ದು ಬಂದು ನನ್ನ ಪಕ್ಕ ಮೊಣಕಾಲೂರಿದ.

"ಬಾಯೋರೆ, ಇದನ್ನ ನಾನು ಹೇಳ್ತೆ. ನೀವು ಬರೀ ಉತ್ತರದ ಅರ್ಧ ಹೇಳ್ರಿ."

ಪುಸ್ತಕ ಮುಟ್ಟಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದ: "ಆ ತಾಯಿ ಮೂರು ದಿನ ಹುಡುಕಿದ್ಲು. ಸಿಗ್ತಾನೋ ಇಲ್ವೋ ಅವ್ಳಿಗೂ ಗೊತ್ತಿರ್ಲಿಲ್ಲ. ಆ ಮೂರು ದಿನದ ಹೆಸರಲ್ಲಿ ಈ ಸುತ್ತು."

ಹುಟ್ಟಿದಂದಿನಿಂದ ಸೋಮವಾರ ಸೋಮವಾರ ಆ ಘಟನೆ ಕೇಳಿದವಳು ನಾನು. ಕೊನೆ ಗೊತ್ತಿದ್ದುದರಿಂದ ನಡುವಿನ ದಿನಗಳನ್ನು ಎಣಿಸಿಯೇ ಇರಲಿಲ್ಲ. ಅವಳೂ ಎಲ್ಲಾದರೂ ಒಂದು ಬಂಡೆಯ ಮೇಲೆ ಕೂತಿದ್ದಾಳು.

ಅವನು ಅರ್ಧ ಹೇಳಿದ. ಉಳಿದರ್ಧವನ್ನು ಕೋಣೆಯವರು ಹೇಳಿದರು. ಎಷ್ಟನೆಯದಕ್ಕೋ ಗೊತ್ತಿಲ್ಲ, ಅವರ ದನಿಯಲ್ಲಿ ನನ್ನ ದನಿಯೂ ಇತ್ತು. ಹೋಗುವಾಗ ಅಂಗಿ ಕೊಟ್ಟೆ. ಗುಂಡಿ ಮುಟ್ಟಿ ನೋಡಿ ಅಲ್ಲೇ ತೊಟ್ಟುಕೊಂಡ.

ಎರಡು ವರ್ಷವಾಯಿತು. ಮರಗಟ್ಟಿದ ಮೈ ಪೂರ್ತಿ ಸಡಿಲಗೊಂಡಿಲ್ಲ. ಆಗಿದೆ ಎಂದರೆ ಸುಳ್ಳು. ಸೋಮವಾರ ಯಾರ ಮನೆಯಲ್ಲಿ ಜಪಸರವಿದ್ದರೂ ಮಾವಶಿ ಪದ್ಧತಿ ಬಿಟ್ಟು ಐದನೆಯದನ್ನು ನನಗೇ ಕೊಡುತ್ತಾರೆ. ಹುಡುಕಿದರು ಎಂಬಲ್ಲಿಯವರೆಗೆ ನಾನು ಓದುತ್ತೇನೆ. ಸಿಕ್ಕಿದ ಎಂಬ ಮಾತನ್ನು ಕೋಣೆಯವರು ಹೇಳುತ್ತಾರೆ. ಆ ತಾಯಿಗೆ ಬಂದಂಥ ಮೂರನೆಯ ದಿನ ನನಗಿನ್ನೂ ಬಂದಿಲ್ಲ, ಆದರೂ ನಾನು ಅವರನ್ನು ತಡೆಯುವುದಿಲ್ಲ.